ಮತ್ತೆ ಅಂದ್ರೆ ಎಂತ

ಕುಲಶೇಖರ
22 ಜೂನ್ 2025

...ಅಲ್ಲ ಹಫ್ಸಾ, ನಾನು ಹೇಳ್ಲಿಕ್ಕೆ ಹೊರಟದ್ದು ಅದಲ್ಲ. ನೀನು ಅರ್ಧ ಓದಿ ಫೋನನ್ನು ನಿನ್ನ ಉಪ್ಪನ ಕೈಗೆ ಕೊಟ್ಟು ಹಾಸ್ಟೆಲಿನ ಗೇಟಿನ ಒಳಗೆ ಹೋದೆ. ಆಮೇಲೆ ನಾನು ಟೈಪ್ ಮಾಡಿದ ಯಾವುದಕ್ಕೂ ಎರಡನೇ ಟಿಕ್ ಬೀಳ್ಲಿಲ್ಲ. ಉಳಿದ ಅರ್ಧ ಇಲ್ಲಿ ಬರೀತೇನೆ. ಪತ್ರ ಬರೆಯುವುದು ಹೇಗೆ ಅಂತ ಗೊತ್ತಿಲ್ಲ. ಶಾಲೆಯಲ್ಲಿ "ಪ್ರವಾಸಕ್ಕೆ ಹಣ ಕೋರಿ ತಂದೆಗೆ ಪತ್ರ" ಬರೆದದ್ದೇ ಕೊನೆ. ಅದರಲ್ಲೂ ನನಗೆ ಐದಕ್ಕೆ ಎರಡು.

ನೀನು ಹೋಗುವ ಮೊದಲು ನಾವು ಬಸ್ಸಿನಲ್ಲಿ ಕೇಳಿದ ಹಾಡುಂಟಲ್ಲ, ಆ ಹೊಶಿಕಸಾನೆಯ ರೆಕಾರ್ಡಿನ ಪೂರ್ತಿ ವಿವರ ಬಂತು! ಜಪಾನಿನ ಹನ್ನೆರಡು ಬೇರೆ ಬೇರೆ ಐಡಲ್ ಹಾಡುಗಾರ್ತಿಯರ ಗುಂಪುಗಳಿಂದ ಒಬ್ಬೊಬ್ಬಳನ್ನು ತೆಗೆದು ಮಾಡಿದ ಆಲ್ ಸ್ಟಾರ್ ಗುಂಪು, ಒಂದೇ ಒಂದು ರೆಕಾರ್ಡ್, ಮತ್ತೆ ಯಾವತ್ತೂ ಇಲ್ಲ. ನಿನಗೆ ಇದೆಲ್ಲ ಗೊತ್ತುಂಟು, ಆದ್ರೂ ಬರೀತೇನೆ, ಬರೆದ್ರೆ ನನಗೆ ಖುಷಿ. ಹಾಡಿನ ಹೆಸರು "ಮಿಗಿ ನೊ ಇಸು". ಬಲಗಡೆಯ ಕುರ್ಚಿ ಅಂತ. ಕೊನೆಯಲ್ಲಿ ಇಬ್ಬರೇ ಹಾಡುವ ಒಂದು ಲೈನ್ ಉಂಟಲ್ಲ, ಅದು ಯಾರಿಗೆ ಸಿಕ್ಕಿದೆ ಹೇಳು? ನಿನ್ನ ಕೊಹಾನೆಗೂ ನನ್ನ ಶಿಝುಕುವಿಗೂ! ನಮ್ಮ ಫ್ಯಾನ್ಸ್ ಥ್ರೆಡ್ಡಿನಲ್ಲಿ ಬೆಂಕಿ. ಅವರಿಬ್ಬರ ಗುಂಪುಗಳ ಫ್ಯಾನ್ಸ್ ಹಾವು ಮುಂಗುಸಿ ಅಲ್ವಾ, ಈಗ ಒಂದೇ ಲೈನಿಗೆ ಅಳ್ತಾ ಕೂತಿದ್ದಾರೆ.

ಇನ್ನೊಂದು ಉಂಟು, ಇದೇ ಮುಖ್ಯ. ನಮ್ಮ ಥ್ರೆಡ್ಡಿನ ಅಡ್ಮಿನ್ ಜೋಯೆಲ್, ಬಹರೈನಿನಲ್ಲಿ ಕೂತ ಬಜ್ಪೆಯವನು, ಈ ಹಾಡನ್ನು ನಾವೇ ಹಾಡುವ ಅಂತ ಹೇಳಿದ. ಇಂಡಿಯಾದ ಹನ್ನೆರಡು ಜನ, ಒಬ್ಬೊಬ್ಬರು ಅವರವರ ಮನೆಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡುವುದು, ಅವನು ಜೋಡಿಸಿ ಹಾಕುವುದು. "ಮಂಗಳೂರಿನವರು ಇಬ್ರು ಇದ್ದೀರಲ್ಲ, ಜೋಡಿ ಲೈನ್ ನಿಮಗೇ" ಅಂತ ಅವನೇ ಹೇಳಿದ. ಮೇಲಿನ ದನಿ ನೀನು, ಕೆಳಗಿನ ದನಿ ನಾನು. ಸೆಪ್ಟೆಂಬರ್ ಇಪ್ಪತ್ತರೊಳಗೆ ಕೊಡ್ಬೇಕು.

ನಾನು ಕದ್ರಿ ಹತ್ತಿರದ ಕಾಲೇಜಿಗೆ ಸೇರಿದೆ, ಕಾಮರ್ಸ್. ಪಕ್ಕದಲ್ಲಿ ಕೂರುವವಳು ನನ್ನ ಬ್ಯಾಗಿನ ಬ್ಯಾಜ್ ನೋಡಿ "ಯಾವ ಕೊರಿಯನ್ ಬ್ಯಾಂಡ್?" ಅಂತ ಕೇಳಿದಳು. ಕೊರಿಯನ್! ನಾನು ಟಿಫಿನ್ ಮುಚ್ಚಿದೆ. ಆಮೇಲೆ ಅವಳು ಏನೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಹೀಗೆ ಒಂದು ವಾರ.

ಬೇಗ ಬರಿ.

ಒಂದೇ ಟಿಕ್ಕಿನಲ್ಲಿ ನಿಂತವಳು,
ಬ್ರೆಂಡಾ


ಬಾಲಕಿಯರ ಹಾಸ್ಟೆಲ್
5 ಜುಲೈ 2025

ಬ್ರೆಂಡಾ,

ನಿನ್ನ ಪತ್ರ ಬಂದ ದಿನ ರೂಮಿನವರೆಲ್ಲ ಅದನ್ನು ಮುಟ್ಟಿ ನೋಡಿದರು. ಇಲ್ಲಿ ಯಾರಿಗೂ ಪತ್ರ ಬರುವುದಿಲ್ಲ. "ಹುಡುಗನದ್ದಾ?" ಅಂತ ಕೇಳಿದರು. "ಅದಕ್ಕಿಂತ ಹೆಚ್ಚು ತಲೆನೋವಿನ ಜನ" ಅಂದೆ.

ನೀಟ್ ಪರೀಕ್ಷೆಗೆ ಓದುವುದು ಅಂದ್ರೆ ಎದ್ದ ಕೂಡಲೇ ಫಿಸಿಕ್ಸ್, ತಿಂಡಿ ಆದ ಮೇಲೆ ಫಿಸಿಕ್ಸ್, ಊಟ ಆದ ಮೇಲೆ ಟೆಸ್ಟ್. ಪಕ್ಕದ ಮಂಚದವಳು ಕಣ್ಣು ತೆರೆದೇ ನಿದ್ದೆ ಮಾಡ್ತಾಳೆ, ಮೊದಲ ದಿನ ನಾನು ಹೆದರಿ ಸಲಾಂ ಹೇಳಿದೆ. ಭಾನುವಾರ ಮನೆಗೆ ಒಂದು ಫೋನ್. ಬೇರೆಯವರಿಗೆ ಮಾಡ್ಲಿಕ್ಕಿಲ್ಲ.

ಜೋಡಿ ಲೈನ್ ನಮಗೆ ಅಂತ ಓದಿದ ಮೇಲೆ ಎಂತ ಓದಿದರೂ ತಲೆಗೆ ಹೋಗ್ಲಿಲ್ಲ. ಬಕೆಟ್ ತುಂಬುವಷ್ಟು ಹೊತ್ತು ಬಾತ್‌ರೂಮಿನಲ್ಲಿ ಹಾಡ್ತೇನೆ. ನಲ್ಲಿಯ ಸದ್ದಿಗೆ ಯಾರಿಗೂ ಕೇಳುವುದಿಲ್ಲ. ಆದ್ರೆ ಶಬ್ದಗಳು ಮರೆತು ಹೋಗ್ತಾ ಉಂಟು. ನಾ ನಾ ನಾ ಅಂತ ಎಷ್ಟು ದಿನ ಹಾಡುವುದು? ಬರೆದು ಕಳಿಸು, ಕನ್ನಡ ಅಕ್ಷರದಲ್ಲೇ. ಯಾರದ್ದು ಯಾವುದು ಅಂತಲೂ ಬರಿ.

ಮನೆಗೆ ಬಿಡುವುದು ದಸರೆಗೇ ಅಂತೆ, ಎರಡು ದಿನ. ಅದು ಸೆಪ್ಟೆಂಬರ್ ಇಪ್ಪತ್ತರ ಈಚೆಗೆ ಬರುವುದಿಲ್ಲ, ಆಚೆಗೆ. ಜೋಯೆಲನ ಹತ್ತಿರ ನೀನೇ ಮಾತಾಡು. ನೀನು ಮಾತಾಡಿದ್ರೆ ಯಾರಾದ್ರೂ ಒಪ್ತಾರೆ, ತಪ್ಪಿಸಿಕೊಳ್ಳಲಿಕ್ಕಾದ್ರೂ.

ಹಫ್ಸಾ


ಕುಲಶೇಖರ
16 ಜುಲೈ 2025

ಹಫ್ಸಾ ಹಫ್ಸಾ ಹಫ್ಸಾ,

ಪತ್ರ ಸಿಕ್ಕಿತು! ಟಿಕ್ ಬಿದ್ದ ಹಾಗೆ ಆಯಿತು. ತಕೋ, ಶಬ್ದಗಳು. ಕೇಳಿ ಕೇಳಿ ಬರೆದದ್ದು, ಥ್ರೆಡ್ಡಿನವರು ತಿದ್ದಿದ್ದಾರೆ.

ಮಿಗಿ ನೊ ಇಸು ವ ಅಕೆತೆ ಅರು: ಇಬ್ಬರೂ
ಮದಾ ಇಕನಾಯ್ದೆ: ನೀನು
ಮತ್ತೆ: ನೀನು
ಇರು: ನಾನು

ಅರ್ಥವೂ ಹೇಳ್ತೇನೆ. ಬಲಗಡೆಯ ಕುರ್ಚಿ ಖಾಲಿ ಇಟ್ಟಿದ್ದೇನೆ, ಇಷ್ಟು ಬೇಗ ಹೋಗಬೇಡ. ಆಮೇಲೆ "ಮತ್ತೆ" ಅಂದ್ರೆ ಜಪಾನಿಯಲ್ಲಿ ನಿಲ್ಲು, ನನಗೋಸ್ಕರ ಕಾಯು ಅಂತ. ಅದರ ಹಿಂದೆಯೇ ನನ್ನ "ಇರು" ಬಂದು ಸೇರಿದ್ರೆ "ಮತ್ತೆ ಇರು", ಕಾಯ್ತಾ ಇದ್ದೇನೆ ಅಂತ ಆಗ್ತದೆ. ಅಂದ್ರೆ ನೀನು ಕಾಯು ಅಂತಿ, ನಾನು ಅದಕ್ಕೇ ಒಂದು ಬಾಲ ಸೇರಿಸಿ ಕಾಯ್ತಾ ಇದ್ದೇನೆ ಅಂತೇನೆ. ಒಂದೇ ಶಬ್ದ, ಇಬ್ಬರ ಬಾಯಿ. ಮೊದಲ ಸಲ ಕೇಳುವಾಗ ನಾವು ಕನ್ನಡ ಅಂತಲೇ ತಿಳ್ಕೊಂಡು ಬಸ್ಸಿನಲ್ಲಿ ಬಿದ್ದು ಬಿದ್ದು ನಕ್ಕೆವಲ್ಲ, ಕಂಡಕ್ಟರ್ "ಎಂತ ಮಕ್ಳೇ, ಮರ್ಲಾ?" ಅಂತ ಕೇಳಿದ್ದು? ನೀನು ಚಾಟ್ ಮುಗಿಸುವಾಗ ಉಮ್ಮ ಕರೆದ್ರು ಅಂತ "ಮತ್ತೆ" ಅಂತ ಹಾಕಿ ಓಡುವುದುಂಟಲ್ಲ, ಇದು ಆಮೇಲೆ ಅನ್ನುವ ಆ ಮತ್ತೆ ಅಲ್ಲ ಮಾರಾಯ್ತಿ. ಹಾಡುವಾಗ ಓಡಬೇಡ.

ನನ್ನ ಪ್ರಾಕ್ಟೀಸಿನ ಕಥೆ ಕೇಳು. ನಾನು ಚರ್ಚಿನ ಕ್ವಾಯರಿನಲ್ಲಿ ಸಣ್ಣದರಿಂದ ಸೆಕೆಂಡ್ಸ್ ಹಾಡಿದವಳಲ್ಲ, ಮುಖ್ಯ ರಾಗದ ಕೆಳಗೆ ಹೋಗುವುದು ಮಾತ್ರ ಗೊತ್ತು. ನೀನಿಲ್ಲದೆ ಅದನ್ನೊಂದೇ ಹಾಡಿದ್ರೆ ಅದು ಹಾಡು ಅಂತಲೇ ಗೊತ್ತಾಗುವುದಿಲ್ಲ. ನಿನ್ನೆ ಅಡುಗೆಮನೆಯಲ್ಲಿ ಹಾಡ್ತಾ ಇದ್ದೆ. ಡಾಲಿ ಮಾವ್ಶಿ ಮೀನು ತೊಳೆಯುತ್ತಾ ಕೇಳಿದ್ರು, "ಎಂತ ಬಾಯ್, ಹಲ್ಲು ನೋವಾ?"

"ಹಾಡು ಮಾವ್ಶಿ."

"ಯಾವ ಹಾಡು ಹಾಗೆ ಒಂದೇ ಕಡೆ ಕೂತ್ಕೊಳ್ಳುವುದು?"

"ಇದು ಸೆಕೆಂಡ್ಸ್. ಫಸ್ಟ್ ಹಫ್ಸಾ ಹಾಡುವುದು."

"ಹಾಗಾದ್ರೆ ಅವಳು ಬಂದ ಮೇಲೆ ಹಾಡು. ಗೋಡೆ ಇಲ್ಲದೆ ಏಣಿ ಇಟ್ಟ ಹಾಗೆ ಮಾಡಬೇಡ."

ಮಮ್ಮಿಯ ತಂಗಿಗೆ ಹಾಗೆ ಕೇಳಿದ್ರೆ ಮಮ್ಮಿಗೆ ಹೇಗೆ ಅಂತ ಕುವೈಟಿಗೂ ವಾಯ್ಸ್ ಕಳಿಸಿದೆ. ಅವರು ಡ್ಯೂಟಿ ಮುಗಿಸಿ ಕೇಳಿ, "ಶೀತ ಆಗಿದ್ಯಾ?" ಅಂತ ಮೆಸೇಜ್ ಹಾಕಿದ್ರು.

ವೀಡಿಯೋ ಬಂದಿದೆ. ಕೊಹಾನೆ ಎಡಗಡೆಯ ಕುರ್ಚಿಯಲ್ಲಿ, ಶಿಝುಕು ಬಲಗಡೆಯದರಲ್ಲಿ, ಒಂದು ಬದಿಯಲ್ಲಿ ಕಿಟಕಿ. ಎಷ್ಟು ಚಂದ ಅಂದ್ರೆ ನಾನು ಫೋನನ್ನು ಮಗುಚಿ ಇಟ್ಟೆ. ಆಮೇಲೆ ಥ್ರೆಡ್ಡಿನಲ್ಲಿ ಒಬ್ಬ ಹಾಳು ಮಾಡಿದ. ಒಬ್ಬಳ ನೆರಳು ಈ ಕಡೆ ಬಿದ್ದಿದೆ, ಇನ್ನೊಬ್ಬಳದ್ದು ಆ ಕಡೆ. ಒಂದೇ ಕಿಟಕಿ, ಎರಡು ಕಡೆಗೆ ನೆರಳು ಹೇಗೆ? ಬೇರೆ ಬೇರೆ ದಿನ ಶೂಟ್ ಮಾಡಿ ಅಂಟಿಸಿದ್ದು. ಅವರಿಬ್ಬರು ಒಂದೇ ರೂಮಿನಲ್ಲಿ ಇರ್ಲೇ ಇಲ್ಲ ಹಫ್ಸಾ. ಒಬ್ಬಳು ಖಾಲಿ ಕುರ್ಚಿ ನೋಡಿ ನಗಾಡಿದ್ದು.

ಜೋಯೆಲ್ ಯೋಚಿಸ್ತೇನೆ ಅಂದ.

ಬ್ರೆಂಡಾ


ಕುಲಶೇಖರ
10 ಆಗಸ್ಟ್ 2025

ಹಫ್ಸಾ,

ಹೋದ ಪತ್ರ ಸಿಕ್ಕಿತಾ? ದಪ್ಪ ಇತ್ತು, ಸ್ಟಾಂಪ್ ಸರಿ ಹಾಕಿದ್ದೆ.

ನಿನ್ನೆ ಶಕ್ತಿನಗರಕ್ಕೆ ನಿಮ್ಮ ಮನೆಗೆ ಹೋಗಿದ್ದೆ. ಪೊಕ್ಕಡೆ, ಸುಮ್ಮನೆ. ಎರಡು ಸ್ಟಾಪ್ ಅಲ್ವಾ. ಹಬೀಬಾ ಆಂಟಿ ಚಾ ಮಾಡಿ ಕೊಟ್ರು, ನೀನು ಇದ್ದಾಗ ಕೊಡುವ ಆ ದೊಡ್ಡ ಕಪ್ಪಿನಲ್ಲಲ್ಲ, ನೆಂಟರ ಕಪ್ಪಿನಲ್ಲಿ.

"ಹಫ್ಸಾ ಹೇಗಿದ್ದಾಳೆ ಆಂಟಿ?"

"ಇದ್ದಾಳೆ ಮಗಾ. ಭಾನುವಾರ ಮಾತಾಡ್ತಾಳೆ."

"ನನ್ನ ಬಗ್ಗೆ ಎಂತಾದ್ರೂ ಹೇಳಿದ್ಳಾ?"

ಆಂಟಿ ಬಿಸ್ಕತ್ತಿನ ತಟ್ಟೆ ನನ್ನ ಕಡೆ ತಳ್ಳಿದ್ರು. "ನೀನು ಅವಳಿಗೆ ಎಂತೆಲ್ಲ ಬರೀತಿ ಬ್ರೆಂಡಾ?"

"ಹಾಡು ಆಂಟಿ."

"ಹಾಡು" ಅಂತ ಅವರೂ ಹೇಳಿದ್ರು. ಬಿಸ್ಕತ್ತಿನ ಡಬ್ಬ ಮುಚ್ಚಿ, "ಓದ್ಲಿ ಮಗಾ ಅವಳು. ನೀನೂ ಓದು."

ನಾನು ಚಾ ಪೂರ್ತಿ ಕುಡಿದು ಬಂದೆ. ಸಕ್ಕರೆ ಕಡಿಮೆ ಇತ್ತು ಅಂತ ಹೇಳ್ಲಿಕ್ಕೆ ಆಗ್ಲಿಲ್ಲ.

ಮೊದಲಾದ್ರೆ ಇಷ್ಟಕ್ಕೆ ನಿನಗೆ ಹದಿನೈದು ಮೆಸೇಜ್ ಹಾಕಿ, ನೀನು "ಅಯ್ಯೋ ಬಿಡು" ಅಂತ ಒಂದು ಹಾಕಿ, ಮುಗಿಯುತ್ತಿತ್ತು. ಈಗ ಬಸ್ ಸ್ಟಾಪಿನಲ್ಲಿ ನಿಂತು ಯಾರಿಗೆ ಹೇಳುವುದು ಅಂತ ಫೋನ್ ತೆಗೆದೆ, ನಿನ್ನ ಹೆಸರು ಚಾಟಿನಲ್ಲಿ ತುಂಬಾ ಕೆಳಗೆ ಹೋಗಿತ್ತು. ಮೇಲೆಲ್ಲ ಕಾಲೇಜಿನ ಗ್ರೂಪು, ಗ್ಯಾಸಿನವರು, ಒಟಿಪಿ. ಹುಡುಕಿ ಹುಡುಕಿ ಕೆಳಗೆ ಹೋಗಬೇಕಾಯಿತು.

ಏನಾದ್ರೂ ಆಗಿದ್ರೆ ಹೇಳು. ನಾನು ಏನಾದ್ರೂ ಮಾಡಿದ್ರೂ ಹೇಳು.

ನಿನ್ನ,
ಬ್ರೆಂಡಾ


ಕುಲಶೇಖರ
31 ಆಗಸ್ಟ್ 2025

ಹಫ್ಸಾ,

ಇದರಲ್ಲಿ ಜಪಾನಿ ಇಲ್ಲ, ಕಥೆ ಇಲ್ಲ, ಕೆಲಸದ ಮಾತು ಮಾತ್ರ.

ಜೋಯೆಲ್ ಉಳಿದ ಹತ್ತು ಜನರ ದನಿ ಜೋಡಿಸಿ ಆಗಿದೆ. ನಮ್ಮ ಲೈನ್ ಮಾತ್ರ ಬಾಕಿ. ಅವನು ಹೇಳಿದ್ದು ಹಾಗೇ ಬರೀತೇನೆ: "ಹಫ್ಸಾ ಖಂಡಿತ ಬರ್ತಾಳೆ ಅಂತಾದ್ರೆ ಅಕ್ಟೋಬರ್ ಮೊದಲ ವಾರದವರೆಗೆ ನಿಲ್ತೇನೆ. ಅವಳ ಬಾಯಿಂದ ಒಂದು ಮಾತು ಬೇಕು, ನಿನ್ನದಲ್ಲ. ಇಲ್ಲದಿದ್ರೆ ಮನ್ವಿತಾ ರೆಡಿ ಇದ್ದಾಳೆ." ಮನ್ವಿತಾ ಅಂದ್ರೆ ಮೈಸೂರಿನವಳು, ಥ್ರೆಡ್ಡಿನಲ್ಲಿ ಯಾವಾಗಲೂ ಎಲ್ಲರ ಸ್ಪೆಲ್ಲಿಂಗ್ ತಿದ್ದುವವಳು. ಚಂದ ಹಾಡ್ತಾಳೆ. ನಾನು ಸುಳ್ಳು ಹೇಳುವುದಿಲ್ಲ, ತುಂಬಾ ಚಂದ ಹಾಡ್ತಾಳೆ.

ನಿನ್ನ ಲೈನ್ ಅವಳಿಗೆ ಕೊಡ್ಲಾ? ಅಥವಾ ದಸರೆಗೆ ಬಂದು ನೀನು ಹಾಡ್ತಿಯಾ?

ಉದ್ದ ಬರೆಯಲಿಕ್ಕೆ ಟೈಮ್ ಇಲ್ಲದಿದ್ರೆ ಬೇಡ. ಒಂದು ಶಬ್ದ ಸಾಕು. ಕಾರ್ಡೂ ಒಳಗೆ ಇಟ್ಟಿದ್ದೇನೆ, ನನ್ನ ವಿಳಾಸ ಬರೆದು.

ಬ್ರೆಂಡಾ


ಬಾಲಕಿಯರ ಹಾಸ್ಟೆಲ್
5 ಸೆಪ್ಟೆಂಬರ್ 2025

ಬ್ರೆಂಡಾ,

ಮತ್ತೆ.

ಹಫ್ಸಾ


ಕುಲಶೇಖರ
16 ಸೆಪ್ಟೆಂಬರ್ 2025

ಹಫ್ಸಾ,

ನಿನ್ನ ಕಾರ್ಡ್ ಮೊಂತಿ ಫೆಸ್ತಿನ ಮರುದಿನ ಬಂತು. ತೆನೆಹಬ್ಬಕ್ಕೆ ಮೀನಿಲ್ಲ, ತರಕಾರಿ ಮಾತ್ರ ಅಲ್ವಾ, ಉಳಿದ ಹರಿವೆ ದಂಟಿನ ಪಲ್ಯ ತಿನ್ನುತ್ತಾ ಇದ್ದೆ. ಎಡಗೈಯಲ್ಲಿ ಕಾರ್ಡ್ ಹಿಡಿದು ಓದಿದೆ. ತಿರುಗಿಸಿ ನೋಡಿದೆ. ಪುನಃ ತಿರುಗಿಸಿದೆ.

ಕಾರ್ಡಿನಲ್ಲಿ ಅಷ್ಟು ಜಾಗ ಇತ್ತು ಹಫ್ಸಾ.

ಡಾಲಿ ಮಾವ್ಶಿಗೆ ತೋರಿಸಿದೆ. "ಇದಕ್ಕೆ ಎಂತ ಅರ್ಥ ಮಾವ್ಶಿ?"

"ಮತ್ತೆ ಅಂದ್ರೆ ಮತ್ತೆ. ನಮ್ಮ ಪ್ಲಂಬರ್ ಹೇಳುವುದಿಲ್ವಾ, 'ಮತ್ತೆ ಬರ್ತೇನೆ ಬಾಯಮ್ಮ' ಅಂತ, ಅದು."

"ಅಂದ್ರೆ ಬರುವುದಿಲ್ಲ?"

"ಬಂದದ್ದುಂಟಾ ಅವನು? ಬಿಡು ಬಾಯ್. ಓದುವ ಹುಡುಗಿ, ಬೇಡ ಅಂತ ಹೇಳ್ಲಿಕ್ಕೆ ದಾಕ್ಷಿಣ್ಯ."

ನೀನು ಉಮ್ಮ ಕರೆದ್ರು ಅಂತ "ಮತ್ತೆ" ಹಾಕಿ ಹೋಗುವಾಗ ನಾನು ಒಂದು ಸಲವೂ ಬೇಜಾರು ಮಾಡ್ಲಿಲ್ಲ. ಯಾಕೆಂದ್ರೆ ಹತ್ತು ನಿಮಿಷಕ್ಕೆ ಬರ್ತಿದ್ದಿ. ಈ ಸಲ ಯಾರು ಕರೆದದ್ದು?

ಲೈನ್ ಮನ್ವಿತಾಳಿಗೆ ಕೊಟ್ಟೆ. ಜೋಯೆಲ್ ಕೇಳಿದ, "ಶ್ಯೂರಾ?" ನಾನು ಥಂಬ್ಸ್ ಅಪ್ ಹಾಕಿದೆ. ಮನ್ವಿತಾ ಅದೇ ದಿನ ಹಾಡಿ ಕಳಿಸಿದಳು. ಅವಳದ್ದನ್ನು ಕಿವಿಯಲ್ಲಿ ಹಾಕ್ಕೊಂಡು ನಾನು ನನ್ನದು ಹಾಡಿದೆ. ಎರಡನೇ ಸಲಕ್ಕೇ ಓಕೆ ಆಯಿತು. ಸುಲಭ ಇತ್ತು. ಇಷ್ಟು ಸುಲಭ ಇರ್ತದೆ ಅಂತ ಗೊತ್ತಿರ್ಲಿಲ್ಲ.

ನಾಡಿದ್ದು ಆನ್‌ಲೈನ್ ಬರ್ತದೆ. ನೀನು ಚಂದ ಓದು.

ಬ್ರೆಂಡಾ


ಶಕ್ತಿನಗರ
3 ಅಕ್ಟೋಬರ್ 2025

ಬ್ರೆಂಡಾ,

ಇದು ಮನೆಯಿಂದ ಬರೆಯುವುದು. ನಿನ್ನೆ ಬಂದೆ, ನಾಳೆ ಬೆಳಿಗ್ಗೆ ಹೊರಡ್ತೇನೆ. ನಿನಗೆ ಇದು ಸಿಗುವಾಗ ನಾನು ಹಾಸ್ಟೆಲಿನಲ್ಲಿ.

ಮೊದಲು ಜುಲೈಯ ಕಥೆ ಹೇಳ್ತೇನೆ. ನೀನು ಹಾಡಿನ ಶಬ್ದ ಬರೆದು ಕಳಿಸಿದ ಪತ್ರ ನನ್ನ ಕೈಗೆ ಸಿಗುವ ಮೊದಲು ವಾರ್ಡನ್ ರೊಸಾಲಿನ್ ಮೇಡಂ ಕೈಗೆ ಸಿಕ್ಕಿತು. ಅವರಿಗೆ ಕೊಂಕಣಿ, ತುಳು, ಕನ್ನಡ, ಇಂಗ್ಲಿಷ್ ಎಲ್ಲ ಬರ್ತದೆ, ನೀನು ಬರೆದ ಹಾಡಿನ ನಾಲ್ಕು ಸಾಲು ಯಾವುದೂ ಅಲ್ಲ, ಅಲ್ಲಿಂದ ಮುಂದೆ ಅವರು ಓದ್ಲೇ ಇಲ್ಲ. ಹಾಗಾದ್ರೆ ಬ್ಯಾರಿ ಇರಬೇಕು ಅಂತ ಮೆಸ್ಸಿನ ನಾಝಿಮಾ ಅಕ್ಕನನ್ನು ಕರೆದು ಓದಿಸಿದರು. ಅಕ್ಕ ನಾಲ್ಕೂ ಸಾಲು ಓದಿ, "ಬ್ಯಾರಿ ಅಲ್ಲ ಮೇಡಂ. ಬ್ಯಾರಿಯಾದ್ರೆ ಇಷ್ಟು ಹೊತ್ತಿಗೆ ನನಗೆ ನಗು ಬರ್ತಿತ್ತು" ಅಂದರಂತೆ. ಮತ್ತೆ ನನ್ನನ್ನು ಕರೆದು ಎದುರಿಗೇ ಪತ್ರ ಪೂರ್ತಿ ಓದಿಸಿದರು, ವಾಪಸ್ ತಕೊಂಡು ಕೇಳಿದರು.

"ಇದು ಎಂತ ಕೋಡಾ?"

"ಜಪಾನಿ ಹಾಡು ಮೇಡಂ."

"ನೀಟ್‌ನಲ್ಲಿ ಜಪಾನಿ ಉಂಟಾ?"

ಉಮ್ಮನಿಗೆ ಫೋನ್ ಹೋಯಿತು. ಅರ್ಥ ಆಗದ ಭಾಷೆಯ ಪತ್ರ ಒಳಗೂ ಬರ್ಲಿಕ್ಕಿಲ್ಲ, ಹೊರಗೂ ಹೋಗ್ಲಿಕ್ಕಿಲ್ಲ. ಭಾನುವಾರದ ಫೋನ್ ಮೇಡಂ ಮೇಜಿನ ಮೇಲೆ, ಸ್ಪೀಕರಿನಲ್ಲಿ. ನಿನ್ನ ಹೆಸರು ಹೇಳಿದರೆ ಉಮ್ಮ ಆ ಕಡೆಯಿಂದ "ಓದು ಹಫ್ಸಾ" ಅಂತಿದ್ದರು. ನಿನಗೆ ನೆಂಟರ ಕಪ್ಪು ಸಿಕ್ಕಿದ್ದು ಅದಕ್ಕೆ. ಆಗಸ್ಟಿನ ಪತ್ರಗಳು ಕನ್ನಡದಲ್ಲಿ ಇದ್ದವು, ಎರಡನ್ನೂ ಕೊಟ್ಟರು. ನಾನು ಮೊದಲನೆಯದಕ್ಕೆ ಉತ್ತರ ಬರೆದೆ. ಅದರಲ್ಲಿ ಎಲ್ಲ ಹೇಳಿದ್ದೆ, ಮೇಡಂ ಬಗ್ಗೆಯೂ. ಅದು ಹೊರಗೆ ಹೋಗ್ಲಿಲ್ಲ.

ದಸರೆಗೆ ಬಂದು ಹಾಡ್ತೇನೆ ಅಂತ ಬರೆದರೆ ಪುನಃ ಉಮ್ಮನಿಗೆ ಫೋನ್ ಹೋಗ್ತಿತ್ತು, ಹಾಗಾಗಿ ಕಾರ್ಡ್. ಒಂದು ಶಬ್ದ ಸಾಕು ಅಂತ ನೀನೇ ಬರೆದೆ. ಕನ್ನಡ ಅಂತ ಮೇಡಂ ಓದಬೇಕು, ಜಪಾನಿಯಲ್ಲಿ ಕಾಯು ಅಂತ ನೀನು ಓದಬೇಕು, ನಿನ್ನ "ಇರು" ಬಿಟ್ಟರೆ ಅಂಥ ಶಬ್ದ ಇಡೀ ಹಾಡಿನಲ್ಲಿ ಒಂದೇ ಉಂಟು. ಅದೂ ನನ್ನ ಲೈನೇ. ನಾನು ಎಷ್ಟು ಬುದ್ಧಿವಂತೆ ಅಂತ ನನಗೇ ಖುಷಿಯಾಯಿತು. ಮೇಡಂ ಕಾರ್ಡ್ ನೋಡಿ, "ಎಂತ ಇಷ್ಟೇ? ಫ್ರೆಂಡಿಗೆ ಸ್ವಲ್ಪ ಬರಿ" ಅಂತ ಅವರೇ ಹೇಳಿದರು. ಬೇಡ ಮೇಡಂ, ಅವಳಿಗೆ ಗೊತ್ತಾಗ್ತದೆ ಅಂದೆ.

ಆಮೇಲೆ ಬಕೆಟ್ ತುಂಬಿದ ಮೇಲೂ ನಲ್ಲಿ ತೆರೆದಿಟ್ಟು ಹಾಡಿದೆ. ಹೊರಗೆ ಸಾಲು ನಿಂತವರು ಬಾಗಿಲು ಬಡಿದರು.

ನಿನ್ನ ಸೆಪ್ಟೆಂಬರಿನ ಪತ್ರ ಸಿಕ್ಕಿದ ದಿನ ಮೇಡಂ ಕೇಳಿದರು, "ಗೊತ್ತಾಯಿತಾ ಅವಳಿಗೆ?" ನಾನು ಹೌದು ಅಂದೆ.

ನಿನ್ನೆ ಉಮ್ಮನ ಫೋನಿನಲ್ಲಿ ಹಾಡು ಕೇಳಿದೆ. ಮನ್ವಿತಾ ಚಂದ ಹಾಡಿದ್ದಾಳೆ. ನನಗಿಂತ ಚಂದ. ಆದ್ರೆ ಅವಳು "ಮತ್ತೆ" ಹೇಳುವ ಮೊದಲು ಉಸಿರು ತಕೊಳ್ಳುವುದಿಲ್ಲ, ನಾನು ತಕೊಳ್ತೇನೆ. ನೀನು ಯಾವಾಗಲೂ ಆ ಉಸಿರು ಕೇಳಿ ಲೆಕ್ಕ ಹಿಡಿಯುವವಳು, ಅದಕ್ಕೆ ಇಲ್ಲಿ ನಿನ್ನ "ಇರು" ಸ್ವಲ್ಪ ಬೇಗ ಬಂದಿದೆ. ಅವಳ ಶಬ್ದ ಮುಗಿಯುವ ಮೊದಲೇ. ಬೇರೆ ಯಾರಿಗೂ ಕೇಳ್ಲಿಕ್ಕಿಲ್ಲ.

ಸಿಟ್ಟಿಲ್ಲ. ಸಿಟ್ಟಿದ್ದರೆ ಉಮ್ಮನ ಫೋನಿನಿಂದ ಕಾಲ್ ಮಾಡಿ ಬೈಯ್ತಿದ್ದೆ. ಇನ್ನು ಬರೆಯಬೇಡ ಅಂತಲೂ ಹೇಳುವುದಿಲ್ಲ, ಬರಿ ಅಂತಲೂ ಹೇಳುವುದಿಲ್ಲ. ಓದ್ಲಿಕ್ಕೆ ತುಂಬಾ ಉಂಟು.

ಹಫ್ಸಾ


ಕುಲಶೇಖರ
12 ಅಕ್ಟೋಬರ್ 2025

ಹಫ್ಸಾ,

ಇದನ್ನು ನಾಲ್ಕು ಸಲ ಶುರು ಮಾಡಿದೆ. ಚಾಟಿನಲ್ಲಾದ್ರೆ ಡಿಲೀಟ್ ಫಾರ್ ಎವ್ರಿವನ್ ಉಂಟು. ಇಲ್ಲಿ ಹರಿದ ಪೇಜೆಲ್ಲ ಡಾಲಿ ಮಾವ್ಶಿ ಗುಡಿಸುವಾಗ ಸಿಗ್ತದೆ.

ಸಾರಿ. ಇದು ಒಂದು. ಇದಕ್ಕೆ ಹೂವು ಹಣ್ಣು ಸೇರಿಸುವುದಿಲ್ಲ. ನಾನೇ ಶಬ್ದ ಕಳಿಸಿದವಳು, ನಾನೇ ಅರ್ಥ ಬರೆದವಳು, ನೀನು ಅದನ್ನೇ ತಿರುಗಿಸಿ ಕಳಿಸಿದಾಗ ಪ್ಲಂಬರನ ಮಾತು ಅಂತ ಓದಿದವಳೂ ನಾನೇ. ಆ ಕಾರ್ಡನ್ನು ಎಷ್ಟು ಸಲ ತಿರುಗಿಸಿದೆ ಗೊತ್ತುಂಟಾ? ಒಂದು ಸಲವೂ ಬಾಯಿಬಿಟ್ಟು ಓದ್ಲಿಲ್ಲ. ಓದಿದ್ರೆ ರಾಗ ಬರ್ತಿತ್ತು.

ಹಾಡು ಪುನಃ ಕೇಳಿದೆ. ನೀನು ಹೇಳಿದ್ದು ಸರಿ, ಬೇಗ ಬಂದಿದ್ದೇನೆ. ಒಮ್ಮೆ ಕೇಳಿಸಿದ ಮೇಲೆ ಈಗ ಅದೊಂದೇ ಕೇಳುವುದು. ಜೋಯೆಲನಿಗೆ ಹೇಳಿದೆ, ನಮ್ಮ ಲೈನ್ ತೆಗೆದು ಪುನಃ ಮಾಡುವನಾ ಅಂತ. "ಮಾರಾಯ್ತಿ, ಎಲ್ಲರೂ ಶೇರ್ ಮಾಡಿ ಆಯಿತು. ಮನ್ವಿತಾ ಎಂತ ತಪ್ಪು ಮಾಡಿದ್ಳು? ಹಾಗೇ ಇರ್ಲಿ, ಯಾರಿಗೂ ಗೊತ್ತಾಗುವುದಿಲ್ಲ" ಅಂದ. ಗೊತ್ತಾಗುವವಳು ಒಬ್ಬಳಿದ್ದಾಳೆ ಅಂತ ನಾನು ಹೇಳ್ಲಿಲ್ಲ. ಹಾಗೇ ಉಂಟು ಅದು, ಇನ್ನು ಹಾಗೇ ಇರ್ತದೆ. ಮನ್ವಿತಾ ನನಗೆ ಹಾರ್ಟ್ ಕಳಿಸಿದ್ದಾಳೆ, ನಾವು ಒಳ್ಳೆ ಜೋಡಿ ಅಂತೆ. ಒಳ್ಳೆಯವಳು. ಅದೇ ಕಷ್ಟ.

ಈಗ ನಿನ್ನ ಸರದಿ.

ನೀನು ಮನೆಗೆ ಬಂದ ಮರುದಿನ, ಶುಕ್ರವಾರ, ನಾನು ಬಸ್ಸಿನಲ್ಲಿ ನಿಮ್ಮ ಮನೆ ಎದುರಿಂದಲೇ ಹೋಗಿದ್ದೆ. ಕಿಟಕಿ ಸೀಟು. ನಿಮ್ಮ ಟೆರೇಸಿನಲ್ಲಿ ನೀಲಿ ಯೂನಿಫಾರ್ಮ್ ಒಣಗ್ತಾ ಇತ್ತು. ಪಕ್ಕದ ಮನೆಯ ಮಗುವಿನದ್ದು ಇರಬೇಕು ಅಂತ ಅಂದ್ಕೊಂಡೆ, ಅಷ್ಟು ಸಣ್ಣ ಕಂಡಿತು. ನಿನ್ನದು ಅದು. ನೀನು ಕೆಳಗೆ ಕೂತು ನನಗೆ ಆ ಪತ್ರ ಬರೀತಾ ಇದ್ದಿ. ನಾನು ಮೇಲೆ ನೋಡಿ ಮುಂದೆ ಹೋದೆ.

ಎರಡು ಸ್ಟಾಪ್ ಹಫ್ಸಾ. ಮೇಡಂ ಇರ್ಲಿಲ್ಲ, ಸ್ಪೀಕರ್ ಇರ್ಲಿಲ್ಲ, ಉಮ್ಮನ ಫೋನ್ ಕೈಯಲ್ಲೇ ಇತ್ತು. ಆ ಫೋನಿನಲ್ಲಿ ನನ್ನ ದನಿ ಕೇಳಿ, ಬೇಗ ಬಂದದ್ದು ಕಂಡುಹಿಡಿದು, ಅದೇ ಫೋನನ್ನು ಕೆಳಗಿಟ್ಟು, ಪೆನ್ನು ತೆಗೆದು, ಸ್ಟಾಂಪ್ ಹಚ್ಚಿ, ನೀನು ಹೋದ ಮೇಲೆಯೇ ನನಗೆ ಸಿಗುವ ಹಾಗೆ ಪೋಸ್ಟಿಗೆ ಹಾಕಿದೆ. ಮತ್ತೆ ಸಿಟ್ಟಿಲ್ಲ ಅಂತಿ. ಇದನ್ನು ಸಿಟ್ಟಲ್ಲ ಅಂತ ಹೇಳಿದ್ರೆ ನಿನ್ನ ಪಕ್ಕದ ಮಂಚದವಳೂ ನಂಬ್ಲಿಕ್ಕಿಲ್ಲ, ನಿದ್ದೆಯಲ್ಲೂ.

ನನಗೆ ಯಾವುದು ಹೆದರಿಕೆ ಅಂತ ಹೇಳ್ತೇನೆ. ಬೈಗುಳ ಅಲ್ಲ. "ಓದ್ಲಿಕ್ಕೆ ತುಂಬಾ ಉಂಟು" ಅಂತ ಬರೆದೆಯಲ್ಲ, ಅದು. ಅದು ಪೇಪರ್ ಹಾಕುವವರಿಗೆ ಹೇಳುವ ಮಾತು. ನೆಂಟರ ಕಪ್ಪಿನ ಮಾತು. ನನಗೆ ಯಾರೂ ಕೊರಿಯನ್ ಬ್ಯಾಂಡಾ ಅಂತ ಕೇಳದಿದ್ರೂ ಪರವಾಗಿಲ್ಲ, ಊಟಕ್ಕೆ ಒಬ್ಬಳೇ ಕೂತ್ರೂ ಪರವಾಗಿಲ್ಲ, ಅಭ್ಯಾಸ ಆಗ್ತಾ ಉಂಟು. ಆದ್ರೆ ನಿನಗೆ ನನ್ನ ಮೇಲೆ ಸಿಟ್ಟೂ ಇಲ್ಲ ಅಂತಾದ್ರೆ, ಹಾಗಾದ್ರೆ ಎಂತ ಉಳೀತು ಮಾರಾಯ್ತಿ?

ಅದಕ್ಕೆ ನೀನು ಬೈ. ಬರೆದು ಬೈ. ಒಂದೇ ಅರ್ಥ ಇರುವ ಕನ್ನಡದಲ್ಲಿ, ಪೇಜು ತುಂಬಿಸಿ, ಎರಡೂ ಬದಿ. ರೊಸಾಲಿನ್ ಮೇಡಂ ಓದ್ಲಿ, ನಾಝಿಮಾ ಅಕ್ಕನನ್ನು ಕರೆದು ಓದಿಸ್ಲಿ, ಮೆಸ್ಸಿನಲ್ಲಿ ಎಲ್ಲರೂ ನಗಾಡ್ಲಿ. ಅರ್ಥ ಆಗುವ ಭಾಷೆ ಹೊರಗೆ ಹೋಗ್ತದಲ್ಲ, ಮೇಡಂ ಬಗ್ಗೆ ಬರೀದೆ ನನ್ನನ್ನು ಮಾತ್ರ ಬೈದ್ರೆ ತಡೀಲಿಕ್ಕೆ ಅವರಿಗೆ ಕಾರಣ ಇಲ್ಲ.

ಬ್ರೆಂಡಾ

ಶಾಲೆಯಲ್ಲಿ ನನ್ನ ಕಂಪಾಸ್ ಬಾಕ್ಸ್ ಮುರಿದವನನ್ನು ಮೂರು ಕ್ಲಾಸಿಗೆ ಕೇಳುವ ಹಾಗೆ ಬೈದವಳು ನೀನು. ಈಗ ನನ್ನನ್ನೇ ಒಮ್ಮೆ ಹಾಗೆ ಬೈಯ್ಲಿಕ್ಕೆ ಧೈರ್ಯ ಉಂಟಾ ನಿನಗೆ, ಇಲ್ವಾ?